ಲಿನಕ್ಸ್ ತವರು ಬಿಟ್ಟದ್ದೇಕೆ?

1991ರ ಜನವರಿ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ತರುಣನೊಬ್ಬ ಕಂತಿನ ಮೇಲೆ ಒಂದು ಕಂಪ್ಯೂಟರ್ ಕೊಂಡ. ಅದರೊಳಗೆ 33 ಮೆಗಾಹರ್ಟ್ಸ್‌ನ ಇಂಟೆಲ್ 386 ಪ್ರೊಸೆಸರ್, 4 ಎಂಬಿ ಮೆಮೊರಿ. ಆ ಚಿಪ್ಪಿನ ಒಳಗುಟ್ಟು ತಿಳಿಯುವ ಹುಚ್ಚಿನಲ್ಲಿ ಅವನು ಬರೆಯುತ್ತ ಹೋದದ್ದು ಆಗಸ್ಟ್ ಹೊತ್ತಿಗೆ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಆಗಿತ್ತು. ಇದು 386ಕ್ಕೇ ಅಂಟಿಕೊಂಡದ್ದು, ಬೇರೆ ಯಂತ್ರಕ್ಕೆ ಒಯ್ಯಲು ಬರುವಂಥದ್ದಲ್ಲ ಎಂದು ಅವನೇ ಆಗ ಎಚ್ಚರಿಸಿದ್ದ. ಆ ತರುಣ ಲಿನಸ್ ಟೋರ್ವಾಲ್ಡ್ಸ್. ಆ ಸಿಸ್ಟಂ ಲಿನಕ್ಸ್. ಇವತ್ತು ಅದು ಆಂಡ್ರಾಯ್ಡ್ ಫೋನಿನಿಂದ ಹಿಡಿದು ಸೂಪರ್ ಕಂಪ್ಯೂಟರಿನವರೆಗೆ ಓಡುತ್ತದೆ. ಹುಟ್ಟಿದ ಮನೆಯಾದ 386ರ ಮೇಲೆ ಮಾತ್ರ ಓಡುವುದಿಲ್ಲ. ಹೊಸ ಲಿನಕ್ಸನ್ನು ಅದಕ್ಕೆ ಹಾಕಿದರೆ ಕಂಪ್ಯೂಟರ್ ಏಳುವುದೇ ಇಲ್ಲ.

ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಮುಕ್ತ ತಂತ್ರಾಂಶ ಅಂದ್ರೆ ಹಳೇ ಕಂಪ್ಯೂಟರ್ ಇರೋರಿಗೂ ಸಿಗ್ಲಿ ಅಂತಾನೇ ಅಲ್ವಾ? ಅವ್ರೇ ಹಳೇದನ್ನ ಕೈಬಿಟ್ರೆ ಹೇಗೆ?" ಅವಳ ಮನೆಯಲ್ಲೂ ಯಾರೋ ಕೊಟ್ಟ ಹಳೆಯ ಯಂತ್ರವೊಂದಿತ್ತು ಎಂಬುದು ಆಮೇಲೆ ತಿಳಿಯಿತು. ಪ್ರಶ್ನೆಯಲ್ಲಿ ಹುರುಳಿದೆ. ಉತ್ತರ ಹೇಳಬೇಕಾದರೆ ಸ್ವಲ್ಪ ಬುಡದಿಂದಲೇ ಬರಬೇಕು. ಗೊತ್ತಿರುವವರು ಒಂದೆರಡು ಪ್ಯಾರಾ ಸಹಿಸಿಕೊಳ್ಳಿ.

ಪ್ರೊಸೆಸರ್‌ಗೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು. ಅದಕ್ಕೆ ಗೊತ್ತಿರುವುದು ಒಂದಷ್ಟು ಆಜ್ಞೆಗಳು ಮಾತ್ರ: ಈ ಎರಡು ಸಂಖ್ಯೆ ಕೂಡಿಸು, ಮೆಮೊರಿಯ ಇಂಥ ಜಾಗದಿಂದ ಇದನ್ನು ಎತ್ತಿ ತಾ, ಇದು ಸೊನ್ನೆಯಾಗಿದ್ದರೆ ಅಲ್ಲಿಗೆ ನೆಗೆ. ಚಿಪ್ ತಯಾರಾಗುವಾಗಲೇ ಈ ಪಟ್ಟಿ ಸಿಲಿಕಾನ್‌ನಲ್ಲಿ ಕೂತುಬಿಡುತ್ತದೆ, ಆಮೇಲೆ ಹೊಸ ಆಜ್ಞೆ ಕಲಿಸಲು ಬರುವುದಿಲ್ಲ. ನಾವು ಬರೆದ ಪ್ರೋಗ್ರಾಮನ್ನು ಈ ಆಜ್ಞೆಗಳಿಗೆ ಇಳಿಸುವ ಕೆಲಸ ಕಂಪೈಲರ್‌ನದು. ಯಾವ ಚಿಪ್‌ಗೆ ಇಳಿಸಬೇಕು ಎಂದು ಕಂಪೈಲರ್‌ಗೆ ಮೊದಲೇ ಹೇಳಿರಬೇಕು.

ಇಂಟೆಲ್ ವಂಶದಲ್ಲಿ ಒಂದು ಒಳ್ಳೆಯ ರೂಢಿಯಿದೆ. 1985ರಲ್ಲಿ 386 ಬಂತು, 1989ರಲ್ಲಿ 486, 1993ರಲ್ಲಿ ಪೆಂಟಿಯಂ. ಪ್ರತಿ ತಲೆಮಾರೂ ಹಿಂದಿನದರ ಆಜ್ಞೆಗಳನ್ನೆಲ್ಲ ಉಳಿಸಿಕೊಂಡು ತನ್ನದೊಂದಿಷ್ಟು ಸೇರಿಸುತ್ತದೆ. ಅಜ್ಜಿಯ ಮಾತೆಲ್ಲ ಮೊಮ್ಮಗಳಿಗೆ ಅರ್ಥವಾಗುತ್ತದೆ, ಮೊಮ್ಮಗಳ ಹೊಸ ಮಾತು ಅಜ್ಜಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಹಳೆಯ ಪ್ರೋಗ್ರಾಂ ಹೊಸ ಚಿಪ್ ಮೇಲೆ ಸಲೀಸಾಗಿ ಓಡೀತು. ಹೊಸ ಪ್ರೋಗ್ರಾಂ ಹಳೆಯ ಚಿಪ್ ಮೇಲೆ ನಾಲ್ಕು ಹೆಜ್ಜೆ ನಡೆದು, ಗೊತ್ತಿಲ್ಲದ ಆಜ್ಞೆ ಎದುರಾದ ಕೂಡಲೇ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ಬಿದ್ದುಬಿಡುತ್ತದೆ.

ಹಾಗಿದ್ದರೆ ಎಲ್ಲವನ್ನೂ ಅಜ್ಜಿಯ ಮಾತಿನಲ್ಲೇ ಬರೆದರಾಯಿತಲ್ಲ? ಆಗ ಎಲ್ಲರಿಗೂ ಅರ್ಥವಾಗುತ್ತದೆ, ಯಾರನ್ನೂ ಬಿಡಬೇಕಾಗಿಲ್ಲ. ನಿಮಗೂ ಹೀಗೇ ಅನ್ನಿಸಿರಬಹುದು. ಸಾಮಾನ್ಯ ಪ್ರೋಗ್ರಾಮುಗಳ ಮಟ್ಟಿಗೆ ಇದು ಬಹಳಷ್ಟು ನಿಜ. ವೇಗ ಸ್ವಲ್ಪ ಕಡಿಮೆಯಾದೀತು, ಅಷ್ಟೇ. ಆದರೆ ಕರ್ನಲ್ ಎಂಬುದೊಂದಿದೆ. ಅದು ಆಪರೇಟಿಂಗ್ ಸಿಸ್ಟಮ್ಮಿನ ಪಾರುಪತ್ಯಗಾರ: ಮೆಮೊರಿ ಯಾರಿಗೆ ಎಷ್ಟು, ಪ್ರೊಸೆಸರ್ ಸರದಿ ಯಾರದು, ಡಿಸ್ಕಿಗೆ ಯಾರು ಬರೆಯಬಹುದು, ಎಲ್ಲವೂ ಅದರ ಕೈಯಲ್ಲಿ. ಲಿನಕ್ಸ್ ಎಂಬ ಹೆಸರು ನಿಜವಾಗಿ ಸಲ್ಲುವುದು ಈ ಕರ್ನಲ್‌ಗೆ. ಕರ್ನಲ್ ಮಾಡಬೇಕಾದ ಕೆಲವು ಕೆಲಸಗಳನ್ನು ಅಜ್ಜಿಯ ಮಾತಿನಲ್ಲಿ ಹೇಳಲು ಆಗುವುದೇ ಇಲ್ಲ, ಅಥವಾ ಹೇಳಬೇಕಾದರೆ ಊರೆಲ್ಲ ಸುತ್ತಬೇಕು.

ಇದಕ್ಕೊಂದು ಉದಾಹರಣೆ ನಮ್ಮ ಕೆಂಪು ಬಸ್ಸಿನಲ್ಲೇ ಇದೆ. ಜಾತ್ರೆ ದಿನ, ಬಸ್ ನಿಲ್ದಾಣಕ್ಕೆ ಬಂದು ನಿಲ್ಲುತ್ತಿದೆ. ಹೊರಗಿನಿಂದಲೇ ಕಿಟಕಿಯಲ್ಲಿ ಕೈ ತೂರಿಸಿ ಸೀಟಿನ ಮೇಲೆ ಟವೆಲ್ ಹಾಕುತ್ತೀರಿ. ಇದರಲ್ಲಿ ಎರಡು ಕೆಲಸ ಅಡಗಿವೆ: ಸೀಟು ಖಾಲಿ ಇದೆಯೇ ಎಂದು ನೋಡುವುದು, ಖಾಲಿ ಇದ್ದರೆ ಟವೆಲ್ ಹಾಕುವುದು. ನೋಡಿದ್ದಕ್ಕೂ ಹಾಕಿದ್ದಕ್ಕೂ ನಡುವೆ ಅರೆಕ್ಷಣ ಸಿಕ್ಕರೂ ಆಚೆ ಕಿಟಕಿಯಿಂದ ಇನ್ನೊಂದು ಟವೆಲ್ ಬಂದು ಬೀಳುತ್ತದೆ. ಆಮೇಲೆ ಜಗಳ. ಕರ್ನಲ್ ಒಳಗೆ ಇಂಥ ಸೀಟುಗಳು ಲಕ್ಷಗಟ್ಟಲೆ ಇರುತ್ತವೆ. ಅವಕ್ಕೆ ಟವೆಲ್ ಹಾಕುವವರು ಏಕಕಾಲಕ್ಕೆ ಓಡುತ್ತಿರುವ ಹತ್ತಾರು ಪ್ರೋಗ್ರಾಮುಗಳು. ಅಲ್ಲಿ ಜಗಳವಾದರೆ ನಿಮ್ಮ ಫೈಲ್ ಕೆಡುತ್ತದೆ, ಇಲ್ಲವೇ ಇಡೀ ಯಂತ್ರ ಸ್ತಬ್ಧವಾಗುತ್ತದೆ.

ಆದ್ದರಿಂದ 'ಖಾಲಿ ಇದ್ದರೆ ಮಾತ್ರ ಹಾಕು' ಎಂಬುದು ಒಂದೇ ಉಸಿರಿನಲ್ಲಿ ಮುಗಿಯುವ, ಮಧ್ಯೆ ಯಾರೂ ತೂರಲಾಗದ ಒಂದೇ ಆಜ್ಞೆಯಾಗಿರಬೇಕು. 486ರಲ್ಲಿ ಅಂಥ ಆಜ್ಞೆ ಬಂತು. ಬಳಸುವವರು ಅದನ್ನು 'ಕಂಪೇರ್-ಎಕ್ಸ್‌ಚೇಂಜ್' ಎನ್ನುತ್ತಾರೆ. 386ರಲ್ಲಿ ಅದಿರಲಿಲ್ಲ. ಅಲ್ಲಿದ್ದುದು ಷರತ್ತಿಲ್ಲದ ಅದಲುಬದಲು ಮಾತ್ರ: ನಿನ್ನ ಟವೆಲ್ ಹಾಕು, ಅಲ್ಲಿದ್ದುದನ್ನು ಎತ್ತಿಕೋ. ಅಷ್ಟರಲ್ಲೇ ಬದುಕು ನಡೆಸಬಹುದು, ನಡೆಸಿಯೂ ಇದ್ದರು. ಆದರೆ 386ಕ್ಕೊಂದು ದಾರಿ, ಉಳಿದವಕ್ಕೊಂದು ದಾರಿ ಎಂದು ಕರ್ನಲ್‌ನಲ್ಲಿ ಎರಡೆರಡು ದಾರಿ ಇಟ್ಟುಕೊಳ್ಳಬೇಕಾಯಿತು.

386ಕ್ಕೆ ಇನ್ನೊಂದು ಊನವೂ ಇತ್ತು. ಮೆಮೊರಿಯ ಪುಟಗಳಿಗೆ 'ಓದಬಹುದು, ಬರೆಯುವ ಹಾಗಿಲ್ಲ' ಎಂದು ಮೊಹರು ಹಾಕಬಹುದು. ಸಾಮಾನ್ಯ ಪ್ರೋಗ್ರಾಂ ಬರೆಯಲು ಹೋದರೆ ಚಿಪ್ ತಡೆಯುತ್ತದೆ. ಕರ್ನಲ್ಲೇ ಬರೆಯಲು ಹೋದರೆ? 386 ತಡೆಯುತ್ತಿರಲಿಲ್ಲ, ಹೆಡ್‌ಮಾಸ್ತರರನ್ನು ಗೇಟಿನಲ್ಲಿ ಯಾರು ಕೇಳುತ್ತಾರೆ ಎಂಬ ಹಾಗೆ. ಒಂದೇ ಪುಟವನ್ನು ಎರಡು ಪ್ರೋಗ್ರಾಮುಗಳು ಹಂಚಿಕೊಂಡು, ಬರೆಯುವ ಸಂದರ್ಭ ಬಂದಾಗ ಮಾತ್ರ ಪ್ರತಿ ತೆಗೆಯುವ ಉಪಾಯ ಲಿನಕ್ಸ್‌ಗೆ ಉಸಿರಿದ್ದಂತೆ. ಅದಕ್ಕೆ ಈ ತಡೆ ಬೇಕೇ ಬೇಕು. ಹಾಗಾಗಿ 386ರಲ್ಲಿ ಕರ್ನಲ್ ಪ್ರತಿ ಸಲ ಬರೆಯುವ ಮುನ್ನ ತಾನೇ ಕೈಯಾರೆ ಪರೀಕ್ಷಿಸಿಕೊಳ್ಳಬೇಕಿತ್ತು. 486 ಈ ಊನವನ್ನು ಸರಿಪಡಿಸಿತು.

2012ರ ಡಿಸೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನಿಂದ 386ರ ಬೆಂಬಲ ತೆಗೆದರು. ಮರುವರ್ಷ ಫೆಬ್ರವರಿಯಲ್ಲಿ ಬಂದ 3.8 ಆವೃತ್ತಿ 386 ಇಲ್ಲದ ಮೊದಲ ಲಿನಕ್ಸ್. ಬದಲಾವಣೆಯನ್ನು ಮುಂದಿಟ್ಟ ಇಂಗೊ ಮೊಲ್ನಾರ್ ಕೊಟ್ಟ ಕಾರಣ ಸರಳವಾಗಿತ್ತು: ನಾನು ಮೇಲೆ ಹೇಳಿದ ಟವೆಲ್ ಹಾಕುವ ಭಾಗಕ್ಕೆ ಕೈ ಹಚ್ಚಿದಾಗಲೆಲ್ಲ, ವರ್ಷಗಟ್ಟಲೆ, ಈ ಒಂದು ಚಿಪ್‌ಗಾಗಿ ಹೆಚ್ಚಿನ ಕೆಲಸ ಬೀಳುತ್ತಿತ್ತು. ನಿಮ್ಮ 1991ರ ಯಂತ್ರವೂ ಇನ್ನು ಹೊಸ ಲಿನಕ್ಸ್ ಓಡಿಸಲಾರದು ಎಂದು ಅವರು ಟೋರ್ವಾಲ್ಡ್ಸ್‌ಗೆ ನೆನಪಿಸಿದರು. ಒಪ್ಪಿಗೆಯ ಮುದ್ರೆ ಒತ್ತುತ್ತ ಟೋರ್ವಾಲ್ಡ್ಸ್, ತಾನು ಭಾವುಕನಲ್ಲ, ತೊಲಗಿದ್ದೇ ಒಳ್ಳೆಯದಾಯಿತು ಎಂಬರ್ಥದ ಮಾತು ಹೇಳಿದರು. ನನಗಾಗಿದ್ದರೆ ಗಂಟಲು ಕಟ್ಟುತ್ತಿತ್ತೋ ಏನೋ. ತವರಿನ ಮಾತು ಬಂದಾಗ ನಮ್ಮವರು ಸ್ವಲ್ಪ ಮೆತ್ತಗೆ.

ಅಲ್ಲಿಂದ ಹತ್ತು ವರ್ಷ 486 ಅಜ್ಜಿಯ ಜಾಗದಲ್ಲಿ ಕುಳಿತಿತ್ತು. ಆಮೇಲೆ ಅದರ ಸರದಿಯೂ ಬಂತು. ಮತ್ತೆ ಬಸ್ಸಿಗೇ ಬನ್ನಿ. ಈ ಸಲ ನೀವು ಒಬ್ಬರಲ್ಲ, ಜೊತೆಗೆ ಮನೆಯವರಿದ್ದಾರೆ. ಅಕ್ಕಪಕ್ಕದ ಎರಡು ಸೀಟು ಒಟ್ಟಿಗೇ ಬೇಕು. 486ರ ಆಜ್ಞೆ ಒಂದು ಸಲಕ್ಕೆ ಒಂದು ಸೀಟಿಗೆ, ಅಂದರೆ ನಾಲ್ಕು ಬೈಟಿಗೆ, ಮಾತ್ರ ಟವೆಲ್ ಹಾಕಬಲ್ಲದು. ಒಂದಕ್ಕೆ ಹಾಕಿ ಇನ್ನೊಂದಕ್ಕೆ ಕೈ ಚಾಚುವಷ್ಟರಲ್ಲಿ ಅದು ಹೋಗಿರುತ್ತದೆ. ಪೆಂಟಿಯಂನಲ್ಲಿ ಎಂಟು ಬೈಟಿಗೆ ಒಂದೇ ಏಟಿಗೆ ಟವೆಲ್ ಹಾಕುವ ಆಜ್ಞೆ ಬಂತು. ಇವತ್ತಿನ ಕರ್ನಲ್‌ನಲ್ಲಿ ಎಂಟು ಬೈಟಿನ ಲೆಕ್ಕಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ನ್ಯಾನೊಸೆಕೆಂಡಿನಲ್ಲಿ ಎಣಿಸುವ ಸಮಯ, ನಾಲ್ಕು ಜಿಬಿ ಮೀರಿದ ಫೈಲಿನ ಅಳತೆ, ಇವು ಯಾವುವೂ ನಾಲ್ಕು ಬೈಟಿನಲ್ಲಿ ಹಿಡಿಸುವುದಿಲ್ಲ.

486ರ ಮೇಲೆ ಇದನ್ನೆಲ್ಲ ಹೇಗೆ ಮಾಡುತ್ತಿದ್ದರು? ಬಸ್ಸಿನ ಬಾಗಿಲು ಮುಚ್ಚಿ. ನಿಜವಾಗಿಯೂ ಹಾಗೆಯೇ. ಕೆಲಸದ ನಡುವೆ ಹೊರಗಿನಿಂದ ಬಂದು ಕದ ತಟ್ಟುವ ಸಂಕೇತಗಳಿಗೆ 'ಇಂಟರಪ್ಟ್' ಎನ್ನುತ್ತಾರೆ. ಅವನ್ನೆಲ್ಲ ಒಂದು ಕ್ಷಣ ತಡೆಹಿಡಿದು, ನಿಧಾನಕ್ಕೆ ಎರಡು ಸೀಟಿಗೂ ಟವೆಲ್ ಹಾಸಿ, ಮತ್ತೆ ಬಾಗಿಲು ತೆರೆಯುವ ಒಂದು ತುಣುಕು ಕೋಡ್ ಕರ್ನಲ್‌ನಲ್ಲಿತ್ತು. ಏಳುವಾಗ ಕರ್ನಲ್ ತನ್ನ ಕಾಲ ಕೆಳಗಿನ ಚಿಪ್ ಯಾವುದು ಎಂದು ನೋಡಿಕೊಂಡು, ಪೆಂಟಿಯಂ ಆದರೆ ಆ ಆಜ್ಞೆ, 486 ಆದರೆ ಈ ತುಣುಕು ಎಂದು ಆರಿಸಿಕೊಳ್ಳುತ್ತಿತ್ತು. ಚತುರ ಏರ್ಪಾಡು. ಆದರೆ ಒಂದು ಮಾತು ಗಮನಿಸಿ: ಪ್ರೊಸೆಸರ್ ಒಂದೇ ಇದ್ದರೆ ಮಾತ್ರ ಬಾಗಿಲು ಮುಚ್ಚುವ ಉಪಾಯ ನಡೆಯುತ್ತದೆ. ಹೊಸದಾಗಿ ಕರ್ನಲ್ ಬರೆಯುವವರ ತಲೆಯಲ್ಲಿ ಇರುವುದು ಎಂಟು, ಹದಿನಾರು ಕೋರ್‌ಗಳ ಚಿತ್ರ. ಒಂದೇ ಬಾಗಿಲಿನ ಹಳೆಯ ಬಸ್ಸಿಗೂ ತಾನು ಬರೆದದ್ದು ಹೊಂದುತ್ತದೆಯೇ ಎಂದು ಪ್ರತಿ ಸಲ ನಿಂತು ಯೋಚಿಸಬೇಕು.

ಪೆಂಟಿಯಂ ತಂದ ಇನ್ನೊಂದು ವಸ್ತು ಚಿಪ್ಪಿನೊಳಗಿನ ಮಿಡಿತ ಎಣಿಸುವ ಕೌಂಟರ್. ಕೈಗಡಿಯಾರ ಇದ್ದಂತೆ. 486ರಲ್ಲಿ ಸಮಯ ಬೇಕೆಂದರೆ ಅಂಗಳ ದಾಟಿ ಆಚೆ ಮನೆಯ ಗೋಡೆ ಗಡಿಯಾರ ನೋಡಿ ಬರಬೇಕು, ಅಂದರೆ ಬೋರ್ಡಿನ ಮೇಲಿರುವ ಬೇರೆಯೇ ಟೈಮರ್ ಚಿಪ್ಪನ್ನು ಕೇಳಬೇಕು. ಈ ಕೌಂಟರ್ ಸಮಯಕ್ಕಷ್ಟೇ ಅಲ್ಲ, ಗುಟ್ಟಿನ ಕೀಲಿಗಳಿಗೆ ಬೇಕಾಗುವ ಊಹೆಗೆ ಸಿಗದ ಸಂಖ್ಯೆಗಳನ್ನು ಹುಟ್ಟಿಸುವುದಕ್ಕೂ ನೆರವಾಗುತ್ತದೆ. ಮೂರನೆಯದು ದಶಾಂಶ ಲೆಕ್ಕ. 486ರ ಅಗ್ಗದ ರೂಪವಾದ 486ಎಸ್‌ಎಕ್ಸ್‌ನಲ್ಲಿ ದಶಾಂಶ ಲೆಕ್ಕ ಮಾಡುವ ಭಾಗ ಕೆಲಸಕ್ಕೆ ಸಿಗುತ್ತಿರಲಿಲ್ಲ. ಕರ್ನಲ್ ಆ ಭಾಗದ ವೇಷ ಹಾಕಿಕೊಂಡು ಲೆಕ್ಕವನ್ನೆಲ್ಲ ತಾನೇ ಮಾಡಿಕೊಡುತ್ತಿತ್ತು. ಆ ವೇಷಕ್ಕೇ ಸಾವಿರಾರು ಸಾಲು ಕೋಡ್.

2022ರ ಅಕ್ಟೋಬರ್‌ನಲ್ಲಿ, ಈ ಎಂಟು ಬೈಟಿನ ತೊಡಕು ಮತ್ತೆ ಎದುರಾದಾಗ, ಟೋರ್ವಾಲ್ಡ್ಸ್ ಬೇಸತ್ತು ಹೇಳಿದರು: 486 ಈಗ ಮ್ಯೂಸಿಯಂ ವಸ್ತು, ಅದರ ಮೇಲೆ ಮ್ಯೂಸಿಯಂ ಕರ್ನಲ್ಲೇ ಓಡಲಿ. 2025ರ ಏಪ್ರಿಲ್‌ನಲ್ಲಿ ಅದೇ ಮೊಲ್ನಾರ್ 486ನ್ನೂ ಕೆಲವು ಆರಂಭಿಕ 586 ಬಗೆಯ, ಅಂದರೆ ಪೆಂಟಿಯಂ ತಲೆಮಾರಿನ, ಚಿಪ್‌ಗಳನ್ನೂ ಕೈಬಿಡುವ ಪ್ರಸ್ತಾಪ ಮುಂದಿಟ್ಟರು. ಎಂಟು ಬೈಟಿನ ಆಜ್ಞೆ ಮತ್ತು ಮಿಡಿತದ ಕೌಂಟರ್, ಇವೆರಡೂ ಇರಲೇಬೇಕು ಎಂಬುದು ಹೊಸ ಹೊಸ್ತಿಲು. ಆ ಪ್ರಸ್ತಾಪ ಕಿತ್ತುಹಾಕುವ ಸಾಲುಗಳು ಹದಿನಾಲ್ಕು ಸಾವಿರದಷ್ಟು, ಬಹುಪಾಲು ಆ ದಶಾಂಶದ ವೇಷ. 1991ರ ಮೊಟ್ಟಮೊದಲ ಲಿನಕ್ಸ್ ಇಡಿಯಾಗಿ ಇದ್ದದ್ದೇ ಹತ್ತು ಸಾವಿರ ಸಾಲಿನ ಆಸುಪಾಸು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು ಆಕ್ಷೇಪ ತೆಗೆಯುತ್ತಾರೆ. ಕರ್ನಲ್ ಈಗ ಮೂರು ಕೋಟಿ ಸಾಲು ದಾಟಿದೆ. ಅದರಲ್ಲಿ ಹದಿನಾಲ್ಕು ಸಾವಿರ ಯಾವ ಲೆಕ್ಕ? ಇದ್ದರೆ ಇರಲಿ, ಅನ್ನ ಕೇಳುತ್ತದೆಯೇ?

ಕೇಳುತ್ತದೆ. ಬೆಂಬಲ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಗೋಡೆಗೆ ಮೊಳೆ ಹೊಡೆದಂತೆ ಒಮ್ಮೆ ಹೊಡೆದರೆ ಅಲ್ಲೇ ಇರುವ ವಸ್ತು ಅದು ಎಂದುಕೊಳ್ಳುತ್ತೇವೆ. ಅದು ಅಂಗಳ ಗುಡಿಸುವ ಬಗೆಯ ಕೆಲಸ, ನಿನ್ನೆ ಗುಡಿಸಿದ್ದೇವೆ ಎಂದು ಇವತ್ತು ಬಿಡಲಾಗದು. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ. ಪ್ರತಿ ಸಲವೂ ಸಾವಿರಾರು ಬದಲಾವಣೆಗಳು. ಮೆಮೊರಿ ಭಾಗದಲ್ಲಿ ಯಾರೋ ಏನೋ ತಿದ್ದಿದರೆ, 486ರ ತುಣುಕು ಅದರೊಂದಿಗೆ ಈಗಲೂ ಹೊಂದುತ್ತದೆಯೇ ಎಂದು ಯಾರಾದರೂ ನೋಡಬೇಕು. ನೋಡಲು 486 ಬೇಕು. ಇಂಟೆಲ್ 386, 486ಗಳ ತಯಾರಿಕೆ ನಿಲ್ಲಿಸಿದ್ದೇ 2007ರಲ್ಲಿ; ಅಲ್ಲಿಯವರೆಗೂ ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆ ಮುಂತಾದ ಕಡೆ ಅವು ಬೇಕಾಗುತ್ತಿದ್ದವು. ಈಗ ಯಾರ ಮೇಜಿನ ಮೇಲಿದೆ? ಪರೀಕ್ಷಿಸುವವರಿಲ್ಲದ ಕೋಡ್ ಸದ್ದಿಲ್ಲದೆ ಕೆಡುತ್ತದೆ. ಕೆಟ್ಟದ್ದು ಗೊತ್ತಾಗದೆ ಇರುವುದರಿಂದ ಬೆಂಬಲ ಇದೆ ಎಂಬ ಹೆಸರು ಮಾತ್ರ ಉಳಿದಿರುತ್ತದೆ. ಅಷ್ಟೇ ಆದರೂ ಪರವಾಗಿಲ್ಲ ಎನ್ನಬಹುದಿತ್ತು. ಯಾರೂ ಬಳಸದ ಆ ತುಣುಕು ಆಗಾಗ ಉಳಿದವರ ಯಂತ್ರಕ್ಕೂ ತೊಂದರೆ ತಂದು, ಅದನ್ನು ಬಿಡಿಸಲು ಯಾರೋ ತಮ್ಮ ದಿನ ಕಳೆಯಬೇಕಾಗುತ್ತದೆ. ಮೊಲ್ನಾರ್ ಅವರ ದೂರು ಮುಖ್ಯವಾಗಿ ಇದೇ.

ಮ್ಯೂಸಿಯಂ ಕರ್ನಲ್ ಎಂದರೆ ಏನೆಂದು ಈಗ ನೋಡೋಣ. ಬೆಂಬಲ ನಿಲ್ಲಿಸುವುದೆಂದರೆ ನಿಮ್ಮ ಮನೆಗೆ ಬಂದು ಏನನ್ನಾದರೂ ಕಿತ್ತುಕೊಂಡು ಹೋಗುವುದಲ್ಲ. ನಿನ್ನೆಯವರೆಗೆ 386ರ ಮೇಲೆ ಓಡುತ್ತಿದ್ದ 3.7 ಕರ್ನಲ್ ಇವತ್ತೂ ಓಡುತ್ತದೆ. ಅದರ ಮೂಲ ಕೋಡ್ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇವತ್ತೂ ಇದೆ. ತೆಗೆದುಹಾಕಿದ ಸಾಲುಗಳೂ ಇತಿಹಾಸದಲ್ಲಿ ಹಾಗೇ ಉಳಿದಿವೆ. ಯಾವ ದಿನ, ಯಾರು, ಏಕೆ ತೆಗೆದರು ಎಂಬ ಟಿಪ್ಪಣಿಯೂ ಅಲ್ಲೇ ಇದೆ. ನಿಂತದ್ದು ಮುಂದಿನ ಕೆಲಸ ಮಾತ್ರ. ಕಂಪನಿಯೊಂದು ತನ್ನ ಮುಚ್ಚಿದ ತಂತ್ರಾಂಶದಿಂದ ಹಳೆಯ ಯಂತ್ರವನ್ನು ಕೈಬಿಟ್ಟರೆ ಬಳಕೆದಾರ ಮುಂದುವರಿಸಿಕೊಳ್ಳಲು ದಾರಿಯೇ ಇರುವುದಿಲ್ಲ. ಇಲ್ಲಿ ದಾರಿ ಇದೆ, ನಡೆಯುವ ಕಾಲು ಬೇಕು.

ಕಾಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ವಿಚಿತ್ರ ಸಾಕ್ಷಿಯಿದೆ. ನನಗೆ ಈ ಇಡೀ ವಿಷಯದಲ್ಲಿ ಬಹಳ ಹಿಡಿಸಿದ್ದು ಇದೇ. ಮೋಟೊರೋಲ ಕಂಪನಿಯ 68020 ಚಿಪ್ ಬಂದದ್ದು 1984ರಲ್ಲಿ, 386ಕ್ಕಿಂತ ಒಂದು ವರ್ಷ ಮೊದಲು. ಆ ವಂಶದ ಚಿಪ್‌ಗಳು ಅಮಿಗಾ, ಅಟಾರಿ, ಹಳೆಯ ಮ್ಯಾಕಿಂಟೋಶ್‌ಗಳಲ್ಲಿ ಇರುತ್ತಿದ್ದವು. ಲಿನಕ್ಸ್ ಅದನ್ನು ಇವತ್ತಿಗೂ ಬೆಂಬಲಿಸುತ್ತದೆ! ಇನ್ನೊಂದು ಕಡೆ ಇಟಾನಿಯಂ. ಇಂಟೆಲ್ ಮತ್ತು ಎಚ್‌ಪಿ ಸೇರಿ ಕಟ್ಟಿ, 2001ರಲ್ಲಿ ಭಾರೀ ಸದ್ದಿನೊಂದಿಗೆ ಮಾರುಕಟ್ಟೆಗೆ ಬಿಟ್ಟ ಸರ್ವರ್ ಚಿಪ್. ಇಂಟೆಲ್ ಅದರ ಕೊನೆಯ ಸರಕು ಸಾಗಿಸಿದ್ದು 2021ರಲ್ಲಿ. ಅದೇ ವರ್ಷ ಲಿನಕ್ಸ್‌ನಲ್ಲಿ ಅದರ ಹೆಸರಿನ ಮುಂದೆ 'ಅನಾಥ' ಎಂದು ಬರೆಯಲಾಯಿತು. 2024ರ ಜನವರಿಯಲ್ಲಿ ಬಂದ 6.7 ಆವೃತ್ತಿಯಲ್ಲಿ ಅದು ಇಲ್ಲವೇ ಇಲ್ಲ. ನಲವತ್ತು ದಾಟಿದ ಮುದುಕ ಉಳಿದ, ಇಪ್ಪತ್ತರ ಹುಡುಗ ಹೋದ.

ಏಕೆಂದರೆ 68020 ವಂಶಕ್ಕೆ ಜನರಿದ್ದಾರೆ. ಬೆಲ್ಜಿಯಂನ ಗೀರ್ಟ್ ಔಟರ್‌ಹೂವೆನ್ ಅವರಂಥ ನಿರ್ವಾಹಕರು ದಶಕಗಳಿಂದ ಆ ಭಾಗವನ್ನು ನೋಡಿಕೊಳ್ಳುತ್ತಿದ್ದಾರೆ. ಹೊಸ ಕರ್ನಲ್ ಬಂದಾಗ ಹಳೆಯ ಅಮಿಗಾ ಮೇಲೆ ಹಾಕಿ ನೋಡಿ, ಬಿದ್ದರೆ ಎಲ್ಲಿ ಬಿತ್ತೆಂದು ಹೇಳುವ ಹವ್ಯಾಸಿಗಳಿದ್ದಾರೆ. ಬೇರೆ ಯಾರದೋ ಕೆಲಸಕ್ಕೆ ಅಡ್ಡಿಯಾದರೆ ತಾವೇ ಬಂದು ಸರಿಪಡಿಸುತ್ತಾರೆ. ಇಟಾನಿಯಂಗೆ ಕಂಪನಿಗಳಿದ್ದವು. ಕಂಪನಿ ಎದ್ದು ಹೋದ ಮೇಲೆ ಉಳಿದ ಹವ್ಯಾಸಿಗಳು ಕೆಲವೇ ಕೆಲವರು. ಆದರೂ ತೆಗೆದುಹಾಕುವಾಗ ಟೋರ್ವಾಲ್ಡ್ಸ್ ಒಂದು ಕಿಟಕಿ ತೆರೆದಿಟ್ಟರು: ಯಾರಾದರೂ ಹೊರಗಿನಿಂದಲೇ ಒಂದು ವರ್ಷ ಇದನ್ನು ಜೋಪಾನ ಮಾಡಿ ತೋರಿಸಿದರೆ ಮತ್ತೆ ಸೇರಿಸುವ ಬಗ್ಗೆ ಯೋಚಿಸಬಹುದು. ಕೆಲವರು ಆ ಕೆಲಸಕ್ಕೆ ಇಳಿದಿದ್ದಾರೆ ಕೂಡ. 2018ರ 4.17 ಆವೃತ್ತಿಯಲ್ಲಿ ಒಂದೇ ಬೀಸಿಗೆ ಎಂಟು ಬಗೆಯ ಚಿಪ್‌ಗಳನ್ನು, ಹತ್ತಿರಹತ್ತಿರ ಐದು ಲಕ್ಷ ಸಾಲುಗಳನ್ನು, ತೆಗೆದಾಗ ಹೊರಗೆ ಅಷ್ಟೇನೂ ಸದ್ದಾಗಲಿಲ್ಲ. ಅವಕ್ಕೆ ಅಳುವವರೂ ಉಳಿದಿರಲಿಲ್ಲ.

ಇಷ್ಟರವರೆಗೆ ನನಗೆ ತಕರಾರಿಲ್ಲ. 386 ಹೋದದ್ದು ಸರಿ, 486 ಹೋಗುವುದೂ ಸರಿ. ನಮ್ಮ ಊರುಗಳಲ್ಲಿ ಅವು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮನಸ್ಸು ಚುರ್ ಎನ್ನುವುದು ಇನ್ನೊಂದು ಮೆಟ್ಟಿಲು ಕೆಳಗೆ ಬಂದಾಗ.

ಕರ್ನಲ್ ಒಂದನ್ನೇ ಯಾರೂ ಮನೆಗೆ ತರುವುದಿಲ್ಲ. ಅದರ ಸುತ್ತ ಸಾವಿರಾರು ಪ್ರೋಗ್ರಾಂ ಸೇರಿಸಿ ಕಟ್ಟಿಕೊಡುವ ಗಂಟು ಡಿಸ್ಟ್ರಿಬ್ಯೂಷನ್: ಡೆಬಿಯನ್, ಉಬುಂಟು, ಫೆಡೋರ. ಕರ್ನಲ್ ಒಪ್ಪಿದರೂ ಗಂಟು ಕಟ್ಟುವವರು ಒಪ್ಪದೆ ಇರಬಹುದು. ಅವರು ಪ್ರತಿ ಪ್ರೋಗ್ರಾಮನ್ನೂ ಪ್ರತಿ ಬಗೆಯ ಚಿಪ್‌ಗೆ ಕಂಪೈಲ್ ಮಾಡಿ ಇಡಬೇಕಲ್ಲ. ಫೆಡೋರ 2019ರಲ್ಲೇ 32 ಬಿಟ್, ಅಂದರೆ ಲೆಕ್ಕವನ್ನು ನಾಲ್ಕು ನಾಲ್ಕು ಬೈಟಾಗಿ ಮಾಡುವ, ಇಂಟೆಲ್ ಯಂತ್ರಗಳಿಗೆ ಕರ್ನಲ್ ಕೊಡುವುದು ನಿಲ್ಲಿಸಿತು. ಡೆಬಿಯನ್ ನಿಧಾನದ ಆಸಾಮಿ. ಅದು 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯವರೆಗೆ ತಡೆದುಕೊಂಡಿತು. ಆ ಆವೃತ್ತಿಯಲ್ಲಿ 'ಐ386' ಎಂಬ ವಿಭಾಗಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ ಕೂಡ ಇಲ್ಲ. 64 ಬಿಟ್ ಯಂತ್ರದ ಮೇಲೆ ಹಳೆಯ 32 ಬಿಟ್ ಪ್ರೋಗ್ರಾಂ ಓಡಿಸಿಕೊಳ್ಳಲು ಬೇಕಾದ ಸಾಮಗ್ರಿ ಮಾತ್ರ ಉಳಿದಿದೆ.

ಹೆಸರುಗಳ ಬಗ್ಗೆ ಒಂದು ಎಚ್ಚರಿಕೆ, ಹೊಸಬರು ಎಡವುವುದು ಇಲ್ಲೇ. ಡೆಬಿಯನ್‌ನ 'ಐ386' ಎಷ್ಟೋ ವರ್ಷಗಳಿಂದ 386ರ ಮೇಲೆ ಓಡುತ್ತಿರಲಿಲ್ಲ. 2017ರಿಂದ 586ಕ್ಕೂ ಅಲ್ಲಿ ಜಾಗವಿರಲಿಲ್ಲ. ಹೊಸಪೇಟೆಗೆ ಐನೂರು ವರ್ಷವಾದರೂ ಹೊಸಪೇಟೆ ಎಂದೇ ಕರೆಯುತ್ತೇವಲ್ಲ, ಹಾಗೆ. 'ಎಎಂಡಿ64' ಎಂಬ ಹೆಸರು ನೋಡಿ, ನನ್ನದು ಇಂಟೆಲ್ ಸರ್, ಇದು ನನಗಲ್ಲ ಎಂದು ಬಿಟ್ಟುಬಂದವರೂ ಇದ್ದಾರೆ. ಈ ವಂಶಕ್ಕೆ 64 ಬಿಟ್ ಹಾದಿಯನ್ನು ಮೊದಲು ಹಾಕಿದ್ದು ಎಎಂಡಿ, 2003ರಲ್ಲಿ. ಹೆಸರು ಆ ಗೌರವಕ್ಕೆ ಅಂಟಿಕೊಂಡಿದೆ. ಇಂಟೆಲ್‌ನ 64 ಬಿಟ್ ಯಂತ್ರಕ್ಕೂ ಅದೇ ಫೈಲ್.

32 ಬಿಟ್‌ಗೆ ಇನ್ನೊಂದು ಗಡುವೂ ಕಾದಿದೆ. ಯೂನಿಕ್ಸ್ ಸಂಪ್ರದಾಯದಲ್ಲಿ ಸಮಯವನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸುತ್ತಾರೆ. 32 ಬಿಟ್ ಡಬ್ಬಿಯಲ್ಲಿ ಆ ಎಣಿಕೆ 2038ರ ಜನವರಿ 19ರಂದು ತುಂಬಿ ತುಳುಕುತ್ತದೆ. ಆಮೇಲೆ ಗಡಿಯಾರ 1901ಕ್ಕೆ ಜಿಗಿಯುತ್ತದೆ. ಡೆಬಿಯನ್ 13 ಉಳಿದ 32 ಬಿಟ್ ವಿಭಾಗಗಳಿಗೆ ದೊಡ್ಡ ಡಬ್ಬಿ ಕೊಟ್ಟಿತು, ಐ386ಕ್ಕೆ ಮಾತ್ರ ಕೊಡಲಿಲ್ಲ. ಹಳೆಯ ಪ್ರೋಗ್ರಾಮುಗಳನ್ನು ಇದ್ದ ಹಾಗೇ ಓಡಿಸುವುದಷ್ಟೇ ಅದಕ್ಕೆ ಉಳಿದಿರುವ ಕೆಲಸ, ಡಬ್ಬಿ ಬದಲಾಯಿಸಿದರೆ ಅವೇ ಕೆಡುತ್ತವೆ ಎಂಬುದು ತರ್ಕ.

ತರ್ಕ ಸರಿ. ಆದರೆ 2008ರಲ್ಲಿ ಬಂದ ಇಂಟೆಲ್ ಆಟಂ ಎನ್270 ಎಂಬ ಪುಟ್ಟ ಚಿಪ್ ಅಪ್ಪಟ 32 ಬಿಟ್. ಅಗ್ಗದ ನೆಟ್‌ಬುಕ್‌ಗಳಲ್ಲೆಲ್ಲ ಅದೇ ಇರುತ್ತಿತ್ತು. ಅವು ಮ್ಯೂಸಿಯಂ ವಸ್ತುಗಳಲ್ಲ. ಅಣ್ಣ ಇಂಜಿನಿಯರಿಂಗ್ ಮುಗಿಸಿ ತಂಗಿಗೆ ಕೊಟ್ಟದ್ದು, ದಾನಿಗಳು ಶಾಲೆಗೆ ಕೊಟ್ಟದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರ‍್ಯಾಮ್ ತಂದು ಹಾಕಿ ಇನ್ನೊಂದೆರಡು ವರ್ಷ ಎಳೆದದ್ದು, ಹೀಗೆ ನಮ್ಮಲ್ಲಿ ಯಂತ್ರಗಳಿಗೆ ಆಯಸ್ಸು ಹೆಚ್ಚು. ಅವನ್ನು ಬಳಸುವವರು ಅಮಿಗಾ ಹವ್ಯಾಸಿಗಳ ಹಾಗೆ ಕರ್ನಲ್ ಕಂಪೈಲ್ ಮಾಡಿ ವರದಿ ಕಳಿಸುವವರಲ್ಲ. ಬಳಸುವವರ ಸಂಖ್ಯೆ ಇದ್ದರೂ ಅವರ ದನಿ ಆ ಕಡೆಗೆ ಮುಟ್ಟುವುದಿಲ್ಲ. ನಿರ್ಧಾರ ಮಾಡುವವರಿಗೆ ಕಾಣುವುದು ಕೆಲಸಕ್ಕೆ ಬಂದವರು ಮಾತ್ರ. ಹುಡುಗಿಯ ಪ್ರಶ್ನೆಯ ನಿಜವಾದ ಮುಳ್ಳು ಇಲ್ಲಿದೆ, ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ.

ಕೈಗೆ ಸಿಗುವ ಕೆಲಸವೊಂದಿದೆ, ಅದನ್ನು ಹೇಳುತ್ತೇನೆ. ಹಳೆಯ ಯಂತ್ರದಲ್ಲಿ ಈಗ ಇರುವುದು 32 ಬಿಟ್ ಸಿಸ್ಟಂ ಎಂದ ಮಾತ್ರಕ್ಕೆ ಪ್ರೊಸೆಸರ್ ಕೂಡ 32 ಬಿಟ್ ಎಂದು ತೀರ್ಮಾನಿಸಬೇಡಿ. ಮೆಮೊರಿ ಒಂದು ಜಿಬಿ ಇದ್ದಾಗ ಯಾರೋ 32 ಬಿಟ್ ಹಾಕಿ ಹೋಗಿರುತ್ತಾರೆ, ಒಳಗಿನ ಚಿಪ್ ಎರಡನ್ನೂ ಬಲ್ಲದ್ದಾಗಿರುತ್ತದೆ. 2006ರಲ್ಲಿ ಬಂದ ಕೋರ್ 2 ಡ್ಯುಯೊ ಯಂತ್ರಗಳೆಲ್ಲ ಹೀಗೇ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಎಲ್‌ಎಸ್‌ಸಿಪಿಯು' ಎಂದು ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, ಟೈಪ್ ಮಾಡಿ. ಮೇಲಿನ ಸಾಲುಗಳಲ್ಲೇ ಪ್ರೊಸೆಸರ್ ಯಾವ ಬಗೆಯಲ್ಲಿ ಓಡಬಲ್ಲದು ಎಂದು ಬರುತ್ತದೆ. ಅಲ್ಲಿ 32 ಬಿಟ್, 64 ಬಿಟ್ ಎರಡೂ ಇದ್ದರೆ ನೀವು ಪಾರಾದಿರಿ. ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು ಎಎಂಡಿ64 ಆವೃತ್ತಿಯನ್ನು ಹೊಸದಾಗಿ ಹಾಕಿ.

32 ಬಿಟ್ ಒಂದೇ ಇದ್ದರೆ ಡೆಬಿಯನ್ 12ರಲ್ಲೇ ನಿಲ್ಲಿ. 13ಕ್ಕೆ ಏರಿಸಲು ಹೋಗಬೇಡಿ, ಅವರೇ ಬೇಡ ಎಂದಿದ್ದಾರೆ. 12ರ ದೀರ್ಘಾವಧಿ ನಿರ್ವಹಣೆ 2028ರ ಜೂನ್‌ವರೆಗೆ ಇದೆ. ಆಮೇಲೂ ಯಂತ್ರ ಗಟ್ಟಿಯಾಗಿದ್ದರೆ ನೆಟ್‌ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ ಇದೆ; ಹಳೆಯ ಯಂತ್ರಗಳನ್ನು ಓಡಿಸುವುದರಲ್ಲೇ ಅದು ಹೆಸರು ಮಾಡಿದ್ದು. ಕಲಿಯಲು ಸ್ವಲ್ಪ ಕಷ್ಟ. ಇಲ್ಲವೇ ನೆಟ್ ಸಂಪರ್ಕ ಬಿಡಿಸಿ, ಟೈಪಿಂಗ್ ಕಲಿಯಲು, ಹಾಡು ಕೇಳಲು ಇಟ್ಟುಕೊಳ್ಳಿ. ಭದ್ರತೆಯ ತೇಪೆ ಸಿಗದ ಯಂತ್ರವನ್ನು ನೆಟ್‌ಗೆ ಹಚ್ಚಿ ಬ್ಯಾಂಕ್ ಕೆಲಸ ಮಾತ್ರ ಮಾಡಬೇಡಿ.

ಆ ಹುಡುಗಿ ಮರುವಾರ ಒಂದು ಚೀಟಿಯಲ್ಲಿ ಎಲ್‌ಎಸ್‌ಸಿಪಿಯು ತೋರಿಸಿದ ಆ ಸಾಲನ್ನು ಬರೆದು ತಂದಳು. ಎರಡೂ ಇದ್ದವು. ಇಷ್ಟು ವರ್ಷ ಅದನ್ನು 32 ಬಿಟ್ ಎಂದು ನಂಬಿಕೊಂಡಿದ್ದರಂತೆ.